ಹೌಸ್‌ಕೀಪಿಂಗ್ ಡಬ್ಬಾಪಹರಣ

ಕೇಳಿರಿ ಸಜ್ಜನರೇ. ಪೂರ್ವಕಾಲದಲ್ಲಿ, ಅಂದರೆ ಇಂದುಮತಿ ಮೆಣಸಿನಕಾಯಿ ಎಂಬಾಕೆಯ ಮಗ ತೊಟ್ಟಿಲಲ್ಲಿದ್ದು ಆಕೆಯ ಸಂಶೋಧನೆಯೂ ತೊಟ್ಟಿಲಲ್ಲಿದ್ದ ಆ ಪುಣ್ಯಯುಗದಲ್ಲಿ, ಧಾರವಾಡದ ಗುಡ್ಡದ ಮೇಲಿನ ಜೀವವಿಜ್ಞಾನ ಪ್ರಯೋಗಶಾಲೆಯ ಹೊಸ್ತಿಲಲ್ಲಿ ನಿಂತು, ನೆಲ ಒರೆಸುತ್ತಿದ್ದ ಫಕೀರವ್ವನಿಗೆ ಆಕೆ ವಚನವಿತ್ತಳು: “ನಾ ಡಾಕ್ಟರ್ ಆದ ದಿನ ನನ್ನ ಕೈಯಾರೆ ಹೋಳಿಗಿ ಮಾಡಿ ನಿನಗ ಬಡಸ್ತೀನಿ, ಫಕೀರವ್ವ.”

ಈ ಪ್ರತಿಜ್ಞೆಯನ್ನು ದಶದಿಕ್ಕುಗಳು ಕೇಳಿದವು, ಫಕೀರವ್ವನೂ ಕೇಳಿದಳು. ದಿಕ್ಕುಗಳು ಮರೆತವು. ತೊಟ್ಟಿಲ ಕೂಸು ಶಾಲೆಗೆ ಹೋಯಿತು, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಸಂಶೋಧನೆ ಮಾತ್ರ ತೊಟ್ಟಿಲಿಳಿಯಲಿಲ್ಲ.

ಹೇ ರೈಬೋಸೋಮ್‌ಸಿಂಹಾಸನಾಸೀನನೇ, ಸರ್ವಜೀವಕೋಶನಿವಾಸಿಯೇ, ಅಹರ್ನಿಶಸೇವಾದೀಕ್ಷಾಬದ್ಧನೇ, ಎಲ್-ಹದಿಮೂರು-ಎ ಎಂಬ ರೇಷನ್ ಕಾರ್ಡ್ ನಂಬರಿನಂಥ ನಾಮಧೇಯವನ್ನು ಹೊತ್ತ ಪ್ರೊಟೀನೋತ್ತಮನೇ, ನಮೋ ನಮೋ! ಮನುಷ್ಯದೇಹದ ಸಮಸ್ತ ಪ್ರೊಟೀನುಗಳನ್ನೂ ಬೇಯಿಸಿ ಬಡಿಸುವ ರೈಬೋಸೋಮೆಂಬ ಅಡುಗೆಮನೆಯಲ್ಲಿ ನೀನೊಂದು ಒಲೆಗುಂಡು. ನಿನ್ನನ್ನು ಹಡೆಯುವ ಜೀನು ರಾಜನ ಮಿದುಳಿನಲ್ಲೂ ತಿರುಕನ ಕಿರುಬೆರಳಿನಲ್ಲೂ ಒಂದೇ ಸಮನೆ ದುಡಿಯುತ್ತದೆ. ರಜೆ ಕೇಳದು, ಬಡ್ತಿ ಕೇಳದು. ಅಂಥ ಜೀನುಗಳಿಗೆ ಪಂಡಿತರು ‘ಹೌಸ್‌ಕೀಪಿಂಗ್ ಜೀನ್’ ಎಂದು ಹೆಸರಿಟ್ಟರು. ಮನೆಗೆಲಸದವರನ್ನು ಕರೆದಂತೆ ಕರೆದು, ಮನೆಗೆಲಸದವರನ್ನು ಮರೆತಂತೆಯೇ ಮರೆತರು.

ಇಂದುಮತಿ ಮರೆಯುವ ಹಾಗಿರಲಿಲ್ಲ. ಸಕ್ಕರೆ ಕಾಯಿಲೆಯವರ ರಕ್ತಕಣಗಳಲ್ಲಿ ಬೇರೊಂದು ಜೀನಿನ ದುಡಿಮೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಹೇಳಬೇಕಾದರೆ, ಏರದೆ ಇಳಿಯದೆ ನಿಂತ ಈ ಜೀನನ್ನು ಪಕ್ಕದಲ್ಲಿಟ್ಟೇ ಅಳೆಯಬೇಕು. ಇದನ್ನು ಹುಡುಕಿ ಹಿಡಿಯುವ ಪ್ರೈಮರ್ ಎಂಬ ದ್ರವವು ಪುಟಾಣಿ ನಳಿಗೆಗಳಲ್ಲಿ, ಆ ನಳಿಗೆಗಳು ನೀಲಿ ಡಬ್ಬಿಯಲ್ಲಿ, ಆ ಡಬ್ಬಿಯು ಫ್ರೀಜರಿನಲ್ಲಿ ವಿರಾಜಮಾನವಾಗಿದ್ದವು. ಬೇರೆಯವರು ಎಗರಿಸದಿರಲೆಂದು ಆಕೆಯೇ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಹೌಸ್‌ಕೀಪಿಂಗ್’ ಎಂದು ಬರೆದಿದ್ದಳು. ಥೀಸಿಸ್ಸಿಗೆ ಕಡೆಯ ಗ್ರಾಫ್ ಒಂದೇ ಬಾಕಿ. ತಿಂಗಳ ಕೊನೆಗೆ ಗಡುವು. ಅಳೆಯುವ ಯಂತ್ರ ಅಂದು ಮಧ್ಯಾಹ್ನ ಆಕೆಯ ಪಾಲಿಗಿತ್ತು, ಮರುದಿನ ರಿಪೇರಿಗೆ ಹೋಗಲಿತ್ತು. ರಿಪೇರಿಗೆ ಹೋದ ಯಂತ್ರ ಮರಳಿದ್ದನ್ನು ಕಾಣಲು ಆ ವಿಭಾಗದಲ್ಲಿ ದೀರ್ಘಾಯುಷ್ಯ ಬೇಕಾಗುತ್ತಿತ್ತು.

ಇಂತಿರಲು ಆ ಪಿಪೆಟ್‌ಪಾಣಿ, ಬಿಳಿಕೋಟುಕವಚಧಾರಿಣಿ, ಮೆಣಸಿನಕಾಯಿವಂಶಪ್ರದೀಪೆಯು ಹಿಮಧೂಮಾವೃತವಾದ ಫ್ರೀಜರ್‌ದ್ವಾರವನ್ನು ತೆರೆದು, ನೀಲಿ ಡಬ್ಬಿಯನ್ನು ಸೆಳೆದು, ಮುಚ್ಚಳವನ್ನೆತ್ತಿದಳು.

ಒಳಗೆ ಮಲ್ಲಿಗೆ ಮಾಲೆ ಇತ್ತು. ಕಲ್ಲಾಗಿತ್ತು.

“ಯಾರು ನನ್ನ ಡಬ್ಬಿ ಮುಟ್ಟಿದಾವ್ರು!” ಎಂಬ ಸಿಂಹನಾದಕ್ಕೆ ಗಾಜಿನ ಬೀಕರುಗಳು ಗಡಗಡಿಸಿದವು. ಆಗ ಕಾರಿಡಾರಿನ ಕೊನೆಯಿಂದ ಫಿನಾಯಿಲ್‌ಗಂಧಾನುಲಿಪ್ತೆ, ದೀರ್ಘದಂಡಮಾಪ್‌ಧಾರಿಣಿ, ಮೂರೂ ಮಹಡಿಗಳ ನೆಲದ ಏಕಚ್ಛತ್ರಾಧಿಪತಿಯಾದ ಫಕೀರವ್ವ ಬಂದಳು.

“ಯಾವ ಡಬ್ಬಿ, ಅಕ್ಕಾರ? ನಮ್ಮ ಡಬ್ಬೀನ?”

“ನಿಮ್ಮದು ಹೆಂಗಾತು?”

ಫಕೀರವ್ವ ಗಜಗಾಂಭೀರ್ಯದಿಂದ ಬೆನ್ನು ತಿರುಗಿಸಿದಳು. ಸೀರೆಯ ಮೇಲೆ ತೊಟ್ಟಿದ್ದ ನೀಲಿ ಕೋಟಿನ ಬೆನ್ನಿನಲ್ಲಿ, ಗುತ್ತಿಗೆದಾರ ಅಚ್ಚು ಹಾಕಿಸಿದ್ದ ಅದೇ ‘ಹೌಸ್‌ಕೀಪಿಂಗ್’ ಪದವು ಝಗಝಗಿಸಿತು.

“ಓದ್ರಿ, ಕಲತಾವ್ರು ನೀವು. ನನ್ನ ಬೆನ್ನ ಮ್ಯಾಲ ಏನ ಬರದೈತಿ? ಡಬ್ಬಿ ಮ್ಯಾಲ ಏನ ಬರದೈತಿ? ಇಷ್ಟ ವರ್ಷಕ್ಕ ನಮಗಂತ ಒಂದ ಡಬ್ಬಿ ಇಟ್ರಲ್ಲಾ ಅಂತ ಹಿಗ್ಗೇನಿ ನಾ!”

“ಅದು ಜೀನಿಂದು!”

“ಜೀನಪ್ಪನ ಹೆಸರ ಬರೀಬೇಕಿತ್ತು, ನಮ್ಮ ಹೆಸರ ಯಾಕ ಬರದ್ರಿ?”

ಇಂದುಮತಿ ಪಿಪೆಟ್ಟನ್ನು ಗಗನಕ್ಕೆತ್ತಿ ಗರ್ಜಿಸಿದಳು: “ನಾ ಯಾರಂತ ತಿಳದಿ? ಒಂದ ಕೈಯಾಗ ಕೂಸು, ಒಂದ ಕೈಯಾಗ ಪಿಪೆಟ್ ಹಿಡದು ಬದುಕಿದಾಕಿ! ಮನಷ್ಯಾನ ಜೀನ್ ಬಿಚ್ಚಿ ಓದಾಕಿ!”

ಫಕೀರವ್ವ ಮಾಪನ್ನು ನೆಲಕ್ಕೆ ಕುಟ್ಟಿದಳು: “ಜೀನ್ ಓದಾವ್ರಿಗೆ ಡಬ್ಬಿ ಮ್ಯಾಲ ನೆಟ್ಟಗ ಒಂದ ಹೆಸರ ಬರಿಯಾಕ ಬರಲಿಲ್ಲೇನ್ರೀ? ನಾ ಎರಡ ದಿನ ಬರಲಿಲ್ಲಂದ್ರ ನೀವೆಲ್ಲಾ ಸಂಡಾಸದ ಬಾಗಲದಾಗ ಮೂಗ ಹಿಡಕೊಂಡ ನಿಂತಿರ್ತೀರಿ! ಬಸರಿ ಮಗಳ ಕುಬಸಕ್ಕಂತ ತಂದ ಹೂವ್ರೀ ಅವು. ಎತ್ತಿ ಒಗದ್ರ ತಲಿ ಒಡೀತೈತಿ, ಹಂಗ ಆಗ್ಯಾವ!”

ಅನಂತರ ನಡೆದ ಘೋರ ಸಂಗ್ರಾಮವನ್ನು ಬಣ್ಣಿಸಲು ಆದಿಶೇಷನಿಗೂ ನಾಲಿಗೆ ಸಾಲದು. ಡಬ್ಬಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಇವಳ ಕೈಯಲ್ಲಿ. ಬಕೆಟ್ ಉರುಳಿತು, ಫಿನಾಯಿಲ್ ಸಾಗರವು ಮೇಜುಗಳ ಕಾಲು ತೊಳೆಯಿತು. ಸಂಶೋಧನಾ ಮಾರ್ಗದರ್ಶಕರೂ ಶಾಂತಿಪ್ರಿಯರೂ ಆದ ಹಂಚಿನಮನಿ ಸರ್ ಬಾಗಿಲಲ್ಲಿ ಇಣುಕಿ, “ಊಟಾ ಆತೇನ್ರೀ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಂತರ್ಧಾನರಾದರು.

“ಹೋಳಿಗಿ ಹಾದಿ ಕಾಯ್ಕೋತ ನನ್ನ ಮುಂದಿನ ಹಲ್ಲ ಉದರಿದುವು,” ಎಂದು ಫಕೀರವ್ವ ಬ್ರಹ್ಮಾಸ್ತ್ರ ಬಿಟ್ಟಳು. “ನೀವು ಡಾಕ್ಟರ್ ಆಗೂದ್ರಾಗ ದವಡಿನೂ ಹೊಕ್ಕಾವು!”

ಡಬ್ಬಿಯ ಮೇಲಿನ ಇಂದುಮತಿಯ ಹಿಡಿತ ಸಡಿಲಿತು. ಆ ಮಹಾವೀರೆಯು ಒದ್ದೆ ನೆಲದ ಮೇಲೆ, ಫಿನಾಯಿಲಿನ ನಡುವೆ, ಕುಳಿತುಬಿಟ್ಟಳು. ಬೆಳಗಿನಿಂದ ಚಹಾ ಕೂಡ ಕುಡಿದಿರಲಿಲ್ಲ.

“ಆ ನಳಿಗಿ ಇಲ್ಲಂದ್ರ ನಾ ಡಾಕ್ಟರ್ ಆಗೂದ ಇಲ್ಲ, ಫಕೀರವ್ವ.”

“ಯಾವ ನಳಿಗಿ? ಅವು ಸಣ್ಣಸಣ್ಣವು?”

“ಹೂಂ.”

“ಅಯ್ಯ ನಮ್ಮವ್ವ! ಅಲ್ಲೇ ಕೆಳಗಿನ ಖಾನೆದಾಗ ಅದಾವಲ್ರೀ, ನನ್ನ ಬೇಸನ್ ಉಂಡಿ ಡಬ್ಬ್ಯಾಗ. ಒಗ್ಯಾಕ ನನಗೇನ ಹುಚ್ಚ?”

“ಮದ್ಲ ಯಾಕ ಹೇಳಲಿಲ್ಲ?”

“ನೀವು ಎಲ್ಲೆ ಕೇಳಿದ್ರಿ? ನೀವು ಯಾರಂತ ಹೇಳಾಕತ್ತಿದ್ರಿ.”

ಕೆಳಗಿನ ಖಾನೆಯಲ್ಲಿದ್ದವು, ಅಷ್ಟೂ ನಳಿಗೆಗಳು, ಉಂಡಿಯ ಪುಡಿ ಮೆತ್ತಿಕೊಂಡು. ಅವುಗಳಿಂದ ಆಕೆಗೆ ಬೇಕಾದದ್ದು ಸೊಳ್ಳೆಯ ಕಣ್ಣೀರಿನಷ್ಟು. ಯಂತ್ರ ಸಂಜೆಯವರೆಗೆ ಗುರುಗುಟ್ಟಿತು. ಪರದೆಯ ಮೇಲೆ ಎಲ್-ಹದಿಮೂರು-ಎ ಜೀನಿನ ಗೆರೆಗಳು ಎಲ್ಲರ ರಕ್ತದಲ್ಲೂ ಒಂದೇ ಹಾದಿ ಹಿಡಿದು ಒಂದರ ಮೇಲೊಂದು ಕೂತವು. ತನಗಾಗಿ ನಡೆದ ಸಂಗ್ರಾಮದ ಸಂಗತಿ ಅದಕ್ಕೆ ಏನೂ ಗೊತ್ತಿರಲಿಲ್ಲ.

ಇಂದುಮತಿ ಡಾಕ್ಟರ್ ಆದಳು. ಆ ದಿನ ಮಗನಿಗೆ ಜ್ವರ, ಮನೆಯಲ್ಲಿ ಗ್ಯಾಸ್ ಖಾಲಿ. ಬರುವ ದಾರಿಯಲ್ಲಿ ಅಂಗಡಿಯೊಂದರ ಮುಂದೆ ಸ್ಕೂಟರ್ ನಿಲ್ಲಿಸಿ, ಹೋಳಿಗೆ ಕಟ್ಟಿಸಿಕೊಂಡು ತಂದು, ಪೇಪರ್ ಪ್ಲೇಟಿನಲ್ಲಿಟ್ಟು ಫಕೀರವ್ವನ ಮುಂದೆ ಸರಿಸಿದಳು.

“ಅಂಗಡ್ಯಾನವೇನ್ರೀ?”

“ಹೂಂ.”

ಫಕೀರವ್ವ ಮೂರು ತಿಂದಳು, ಎರಡನ್ನು ಬಾಣಂತಿ ಮಗಳಿಗೆಂದು ಕಟ್ಟಿಕೊಂಡಳು, ತುಪ್ಪ ಕಡಿಮೆಯಾಯಿತೆಂದಳು.

ಕೈಯಾರೆ ಮಾಡಿ ಬಡಿಸುತ್ತೇನೆಂದ ಮಾತು ನಡೆಯಲಿಲ್ಲ.