ಜಾಲಿ ಹೂವೂ ಒಂಟಿ ಸೀನೂ

ಈ ಬೇಸಿಗೆಯಲ್ಲಿ ಒಂದು ಸೀನೂ ಸೀನುವುದಿಲ್ಲ ಎಂದು ನಾನು ಶಪಥ ಮಾಡಿದೆ!

ನಮ್ಮ ಮನೆ ಬಳ್ಳಾರಿಯಲ್ಲಿ. ಪಕ್ಕದ ಖಾಲಿ ಸೈಟಿನ ತುಂಬ ಜಾಲಿಗಿಡ. ನಾಡೆಲ್ಲ ಅದನ್ನು ‘ಬಳ್ಳಾರಿ ಜಾಲಿ’ ಎಂದೇ ಕರೆಯುತ್ತದೆ. ಊರಿನ ಹೆಸರು ಹೊತ್ತ ಗಿಡ ಊರಿನವನ ಮೂಗನ್ನೇ ಹಿಡಿಯಬೇಕೆ? ಅದು ಹೂ ಬಿಟ್ಟಿತೆಂದರೆ ನನ್ನ ಮೂಗು ಸೋರುವ ನಲ್ಲಿ, ಕಣ್ಣು ಕೆಂಪು ಮೆಣಸಿನಕಾಯಿ. ಪರಾಗದ ಅಲರ್ಜಿ ಎಂದರು ಡಾಕ್ಟರು. ಮಾತ್ರೆ ನುಂಗಿ ನುಂಗಿ, ಆಫೀಸಿನಲ್ಲಿ ಫೈಲಿನ ಮೇಲೇ ತೂಕಡಿಸಿ ನನಗಂತೂ ಸಾಕುಸಾಕಾಗಿತ್ತು.

ಅದಕ್ಕೇ ಈ ಸಲ ಮನೆಯನ್ನೇ ಕೋಟೆ ಮಾಡಿದೆ. ಕಿಟಕಿಗಳನ್ನು ಮುಚ್ಚಿ, ಸಂದುಗಳಿಗೆಲ್ಲ ಹೆಂಡತಿಯ ಹಳೆಯ ಸೀರೆ ತುರುಕಿದೆ.

“ಮನೀನ ಇಡ್ಲಿ ಪಾತ್ರಿ ಮಾಡೀರಲ್ರಿ!” ಎಂದಳು ಹೆಂಡತಿ ಗಂಗೋತ್ರಿ, ಬೆವರು ಒರೆಸಿಕೊಳ್ಳುತ್ತ. “ಹೂವಿನ ಪುಡಿ ಬರಂಗಿಲ್ಲ ಖರೆ, ಗಾಳೀನೂ ಬರವಲ್ದು. ನಾವು ಬೇಯಾಕತ್ತೀವಿ!”

“ಬೆಂದ್ರ ಬೇಯಲಿ. ಸೀನು ನಿಂತೈತಿಲ್ಲ?”

ನಿಂತಿತ್ತು, ನಿಜ. ನಿಲ್ಲಲೇಬೇಕಿತ್ತು. ಭಾನುವಾರ ಅವಳ ತಂಗಿ ಹೇಮಾಳ ಮದುವೆಯ ಮಾತು. ಮಾವನವರು ತೀರಿಕೊಂಡಿದ್ದರಿಂದ ಹಿರಿತನ ನನ್ನ ತಲೆಗೇ ಬಂದಿತ್ತು. ಹುಡುಗ, ಹುಡುಗಿ ಆಗಲೇ ಒಪ್ಪಿದ್ದರು. ಹುಡುಗನ ತಂದೆ, ಸಿರುಗುಪ್ಪ ಕಡೆಯ ರಾರಾವಿಯ ತಿಪ್ಪೇರುದ್ರಪ್ಪನವರು, ಬಂದು ‘ಒಪ್ಪಿಗೆ’ ಎಂದು ಬಾಯಿಬಿಟ್ಟು ಹೇಳುವುದಷ್ಟೇ ಬಾಕಿ. ಆದರೆ ಶಕುನದ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು.

“ನೋಡ್ರಿ, ಒಂಟಿ ಸೀನು ಅಪಶಕುನ. ಬಂದ್ರ ಜೋಡೀನ ಬರ್ಬೇಕು. ನನ್ನ ತಂಗಿ ಬಾಳಿನ ಪ್ರಶ್ನಿ ಐತಿ,” ಎಂದು ಗಂಗೋತ್ರಿ ಎಚ್ಚರಿಸಿದಳು.

“ಈ ಮನಿಯಾಗ ಸೀನಿಗೆ ಜಾಗಾನ ಇಲ್ಲ ಬಿಡು!” ಎಂದು ಎದೆ ತಟ್ಟಿಕೊಂಡೆ.

ತಿಪ್ಪೇರುದ್ರಪ್ಪನವರು ಹೆಂಡತಿ ಚನ್ನವೀರಮ್ಮನವರೊಂದಿಗೆ ಬಂದರು. ಒಳಗೆ ಕಾಲಿಟ್ಟದ್ದೇ ಅವರ ಅಂಗಿ ಬೆನ್ನಿಗೆ ಅಂಟಿತು. “ಶೆಕಿ ಭಾಳ ಐತ್ರಿ,” ಎಂದರು. ಮರ್ಯಾದೆಯ ಪ್ರಶ್ನೆ! ಕಿಟಕಿಯಲ್ಲಿ ಗೋಣಿತಾಟು ಹೊದ್ದು ಸುಮ್ಮನೆ ಕೂತಿದ್ದ ಕೂಲರಿನ ಮುಸುಕು ತೆಗೆದು, ನೀರು ತುಂಬಿ, ಜೋರಾಗಿ ಹಚ್ಚಿದೆ. ತಣ್ಣನೆ ಗಾಳಿ ಬೀಸಿತು. ಬೀಗರು ಗಂಟಲು ಸರಿಮಾಡಿಕೊಂಡರು.

“ಹಂಗಾರ, ನಮ್ಮ ಕಡಿಂದ...”

“ಹಾಕ್ಷೀ!”

ಒಂದೇ ಒಂದು! ಸೀನಿದವನು ನಾನೇ.

“ಇನ್ನೊಂದು ಸೀನ್ರೀ!” ಹೆಂಡತಿ ಹಿಂದಿನಿಂದ ಚಿವುಟಿದಳು. ಮೂಗು ತಿಕ್ಕಿದೆ, ಟ್ಯೂಬ್‌ಲೈಟು ದಿಟ್ಟಿಸಿದೆ. ಪ್ರತಿವರ್ಷ ಸಾಲುಗಟ್ಟಿ ಬರುವ ದರಿದ್ರ ಸೀನು ಈಗ ಬರಲೊಲ್ಲದು!

“ನೀರು ಕೊಡ್ರಿ. ನೀರು ಕುಡದು ಮತ್ತ ಸುರು ಮಾಡಿದ್ರ ದೋಷ ಇರಂಗಿಲ್ಲ,” ಎಂದರು ಬೀಗರು, ದೊಡ್ಡ ಮನಸ್ಸು ಮಾಡಿ. ಗಟಗಟ ಕುಡಿದು ಮತ್ತೆ ಶುರುಮಾಡಿದರು. “ಹಂಗಾರ, ನಮ್ಮ...”

“ಹಾಕ್ಷೀ!”

ಮತ್ತೆ ಒಂಟಿ! ಮತ್ತೆ ನೀರು! ಅವರು ಬಾಯಿ ತೆರೆಯುವುದು, ನಾನು ಸೀನುವುದು, ಹೇಮಾ ಚೊಂಬು ತರುವುದು. ಬರಬರುತ್ತ ಆ ಹುಡುಗಿ ಚೊಂಬು ಇಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದಳು. ಈ ಮೂಗನ್ನು ಕಿತ್ತಿಡುವ ಹಾಗಿದ್ದರೆ ಅಂದೇ ಕಿತ್ತಿಡುತ್ತಿದ್ದೆ.

ಕೊನೆಗೆ ತಿಪ್ಪೇರುದ್ರಪ್ಪನವರು ಹೊಟ್ಟೆ ಹಿಡಿದುಕೊಂಡು ಎದ್ದರು. “ಬಚ್ಚಲ ಎಲ್ಲೈತ್ರಿ?”

ಅವರು ಅತ್ತ ಹೋದದ್ದೇ ಗಂಗೋತ್ರಿ ಕೂಲರಿನ ಹಿಂದೆ ಇಣುಕಿದಳು. ಅದರ ಒದ್ದೆ ಹುಲ್ಲಿನ ಪರದೆಯ ತುಂಬ ಹಳದಿ ಜಾಲಿ ಹೂ!

“ಸಂದಿಗೆಲ್ಲ ನನ್ನ ಸೀರಿ ತುರುಕಿದ್ರಿ. ಇದು ಗಾಳಿ ಎಲ್ಲಿಂದ ಎಳಕಂತೈತಿ ಅಂತ ನೋಡಿದ್ರೇನು? ಆ ಜಾಲಿಗಿಡದಿಂದ!” ಎಂದು ಬಚ್ಚಲಿನ ತನಕ ಕೇಳುವಂತೆ ಕೂಗಿ, ಕೂಲರ್ ಆರಿಸಿ, ನನ್ನ ಮೂಗಿಗೆ ಟವಲು ಬಿಗಿದಳು.

ಚನ್ನವೀರಮ್ಮ ಎದ್ದು ಹೇಮಾಳ ಕೈ ಹಿಡಿದರು. “ಅವರು ಬರೋದ್ರೊಳಗ ನಾನ ಹೇಳಿಬಿಡ್ತೀನಿ. ಹುಡುಗಿ ನಮ್ಮಾಕಿ! ಇಲ್ಲಂದ್ರ ನಮ್ಮನಿಯವರಿಗೆ ನೀರು ಕುಡಿಸೇ ಸಾಯಿಸ್ತೀರಿ.”

ಹೇಮಾ ನಕ್ಕಳು. ನನಗೆ ಹೋದ ಜೀವ ಬಂತು. ಬೀಗರು ಮರಳಿ ಬಂದು, ಹೆಂಡತಿಯ ಮಾತಿಗೆ ತಲೆಯಾಡಿಸಿ, ಕೂತು ಪಂಚಾಂಗ ಬಿಚ್ಚಿದಾಗ, ಟವಲಿನೊಳಗಿಂದಲೇ ಹಿರಿಯನ ಗತ್ತಿನಲ್ಲಿ ಕೇಳಿದೆ: “ಮುಹೂರ್ತ ಯಾವಾಗ ಇಡೋಣ್ರಿ?”

ಅವರು ನನ್ನನ್ನೊಮ್ಮೆ ನೋಡಿದರು. ಪಂಚಾಂಗ ಮಡಚಿ ಚೀಲಕ್ಕಿಟ್ಟರು.

“ಗುರುಬಲ ಆಮ್ಯಾಲ ನೋಡಿದ್ರಾತು. ಮೊದಲ ಜಾಲಿ ಹೂ ಯಾವಾಗ ಉದುರತೈತಿ, ಅದನ್ನ ಹೇಳ್ರಿ!”