ಅತ್ತಿಗೆ ಒಗೆದ ಕೋಟು

ಕಾಫಿ ಚೆಲ್ಲಿದ್ದು ಬರೀ ಮೂರು ತೊಟ್ಟು. ನೆಲದ ಮೇಲೆ ಚೆಲ್ಲಿದ್ದರೆ ಕಾಲಲ್ಲೇ ಒರೆಸಿ ಮುಗಿಸಬಹುದಿತ್ತು. ಸ್ವಂತ ಪೈಜಾಮದ ಮೇಲೆ ಚೆಲ್ಲಿದ್ದರೆ ಒರೆಸುವ ತೊಂದರೆಯೂ ಇರಲಿಲ್ಲ. ಆದರೆ ಅದು ಹೋಗಿ ಹೋಗಿ ಬಿದ್ದದ್ದು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಹೆಂಡತಿಯ ಬಿಳಿ ಕೋಟಿನ ಮೇಲೆ. ಅದೂ ಎದೆಯ ಜೇಬಿನ ಮೇಲೆ, ಯಾರ ಕಣ್ಣಾದರೂ ಮೊದಲು ಹೋಗುವ ಜಾಗದಲ್ಲಿ. ಫಿಲ್ಲರಣ್ಣ ಲೋಟ ಅಲ್ಲೇ ಬಿಟ್ಟು ಕೋಟನ್ನು ಎತ್ತಿ ನೋಡಿದ.

ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಹದಿನಾಲ್ಕು ವರ್ಷ ರೋಗಿಗಳ ಗೊಣಗಾಟ, ಡಾಕ್ಟರುಗಳ ಗುಡುಗಾಟ ಎರಡನ್ನೂ ಸಹಿಸಿಕೊಂಡ ಮೇಲೆ ಆಕೆಗೆ ಮುಖ್ಯ ನರ್ಸಾಗಿ ಬಡ್ತಿ ಸಿಕ್ಕಿತ್ತು. ಅವತ್ತು ಸಂಜೆ ನಾಲ್ಕು ಗಂಟೆಗೆ ಸೂಪರಿಂಟೆಂಡೆಂಟರ ಮುಂದೆ ನಿಂತು ವಾರ್ಡಿನ ಅಧಿಕಾರ ವಹಿಸಿಕೊಳ್ಳಬೇಕು. ಕಾಗದಪತ್ರಕ್ಕೆ ಸಹಿ ಹಾಕಲು ಬೆಳಿಗ್ಗೆಯೇ ಹೋದವಳು ಮೂರಕ್ಕೆ ಬಂದು ಹೋಗುತ್ತೇನೆ ಅಂದಿದ್ದಳು. ಬಂದು ಹೋಗುವುದು ಈ ಕೋಟಿಗಾಗಿಯೇ ಎಂದು ಫಿಲ್ಲರಣ್ಣನ ಲೆಕ್ಕ. ಅವನಿಗೆ ವಾರದ ರಜೆ, ಗಡಿಯಾರದಲ್ಲಿ ಹತ್ತೂಕಾಲು.

ಅವನಿಗೆ ಆ ಹೆಸರು ಬಂದದ್ದು ಆಫೀಸಿನಿಂದ. ಅವನು ಕೆಲಸ ಮಾಡುತ್ತಿದ್ದದ್ದು ಒಂದು ವಾರಪತ್ರಿಕೆಯಲ್ಲಿ. ಪುಟ ಕಟ್ಟುವಾಗ ಕತೆ ಮುಗಿದು ಕೆಳಗೆ ಎರಡು ಬೆರಳು ಜಾಗ ಖಾಲಿ ಉಳಿದರೆ ಅದನ್ನು ತುಂಬಿಸುವ ಚಿಕ್ಕ ಬರಹಕ್ಕೆ ಅಲ್ಲಿ ಫಿಲ್ಲರ್ ಅನ್ನುತ್ತಾರೆ. ಅಂಥ ಜಾಗಗಳಿಗೆಲ್ಲ ಇವನೇ ಒಡೆಯ. ಹೆಸರು ಆಫೀಸಿನಿಂದ ಕೇರಿಗೂ ಬಂತು. ಅರ್ಥ ಗೊತ್ತಿಲ್ಲದ ಕೇರಿಯವರು ಅದೇನೋ ದೊಡ್ಡ ಹುದ್ದೆ ಇರಬೇಕೆಂದು ಗೌರವದಿಂದಲೇ ಕರೆಯುತ್ತಿದ್ದರು.

ಎಂಟು ವರ್ಷದಿಂದ ಅವನು ಆ ಎರಡು ಬೆರಳು ಜಾಗವನ್ನು ‘ಅತ್ತಿಗೆಯ ಕಿವಿಮಾತು’ ಎಂಬ ತಲೆಬರಹದಲ್ಲಿ ತುಂಬಿಸುತ್ತಿದ್ದ. ಮನೆಯಲ್ಲೇ ಬಟ್ಟೆ ಒಗೆಯುವ ಸುಲಭ ಉಪಾಯಗಳು. ಅತ್ತಿಗೆ ಎಂದರೆ ಹನ್ನೊಂದು ಮಕ್ಕಳ ಬಟ್ಟೆ ಒಗೆದು ನುರಿತ ಹಿರಿಯ ಹೆಂಗಸು, ದೂರದ ಊರಿನಿಂದ ಕಾರ್ಡು ಬರೆದು ಕಳಿಸುತ್ತಾರೆ ಎಂದು ಪತ್ರಿಕೆ ಸಾರುತ್ತಿತ್ತು. ಅಸಲಿಗೆ ಅತ್ತಿಗೆ ಎಂದರೆ ಫಿಲ್ಲರಣ್ಣನೇ, ಜೀವಮಾನದಲ್ಲಿ ಒಂದು ಕರವಸ್ತ್ರ ಒಗೆದು ಗೊತ್ತಿಲ್ಲದ ಮಹಾನುಭಾವ. ಈ ಸಂಗತಿ ಗೊತ್ತಿದ್ದದ್ದು ಮೂವರಿಗೆ: ಅವನಿಗೆ, ಸಂಪಾದಕರಿಗೆ, ದೇವರಿಗೆ. ಮೂವರೂ ಬಾಯಿ ಬಿಟ್ಟಿರಲಿಲ್ಲ.

ಹೆಂಡತಿಗಂತೂ ಗೊತ್ತಾಗಲೇಬಾರದಿತ್ತು. ಹೋದ ಚಳಿಗಾಲದಲ್ಲಿ ಆಕೆ ತಂಗಿಗೆಂದು ಮೂರು ತಿಂಗಳು ಕೂತು ಹೆಣೆದ ಸ್ವೆಟರನ್ನು ಅತ್ತಿಗೆಯ ಮಾತು ನಂಬಿ ಕುದಿಯುವ ನೀರಿನಲ್ಲಿ ಅದ್ದಿದ್ದಳು. ಹೊರಬಂದದ್ದು ಗೊಂಬೆಗೆ ಹಾಕುವಷ್ಟಿತ್ತು. ಅವತ್ತು ಆಕೆ, "ಆ ಅತ್ತಿಗೆ ಒಂದಿನ ನನ್ನ ವಾರ್ಡಿಗೆ ಬರಲಿ, ಸೂಜಿ ಹೇಗೆ ಚುಚ್ತಾರೆ ಅಂತ ತೋರಿಸ್ತೀನಿ" ಅಂದಿದ್ದಳು. ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದ ಅತ್ತಿಗೆ ಆವತ್ತು ಮಜ್ಜಿಗೆಗೂ ಕಾಯದೆ ಎದ್ದು ಕೈತೊಳೆದಿದ್ದ.

ಕೋಟನ್ನು ಕಂಕುಳಲ್ಲಿ ಅವುಚಿಕೊಂಡು ಅವನು ಅಂಗಳದ ನಲ್ಲಿಯ ಹತ್ತಿರ ಹೋದ. ಸುತ್ತ ಮೂರಂತಸ್ತಿನ ವಠಾರ, ನಡುವೆ ಅಂಗಳ, ಅಂಗಳಕ್ಕೆ ಒಂದೇ ನಲ್ಲಿ. ಅಲ್ಲಿ ಯಾರು ಏನು ತೊಳೆದರೂ ಎಲ್ಲ ಕಿಟಕಿಗಳಿಗೂ ಕಾಣುತ್ತಿತ್ತು. ಅವನು ಸೋಪು ಹಚ್ಚುವಷ್ಟರಲ್ಲಿ ಕೆಳಮನೆಯ ಡ್ರಾಯಿಂಗ್ ಮಾಸ್ಟರು ಹಾಜರಾದರು. ನಿವೃತ್ತರಾದ ಮೇಲೆ ಅವರಿಗಿದ್ದ ಕೆಲಸ ಎರಡು: ಪತ್ರಿಕೆ ಕತ್ತರಿಸಿ ನೋಟುಬುಕ್ಕಿಗೆ ಅಂಟಿಸುವುದು, ಕಂಡವರ ಕೆಲಸದಲ್ಲಿ ಮೂಗು ತೂರಿಸುವುದು.

"ಏನ್ ಫಿಲ್ಲರಣ್ಣ, ಕಾಫಿ ಕಲೆನಾ?"

"ಏನಿಲ್ಲ ಮಾಸ್ಟ್ರೇ, ಸುಮ್ನೆ ನೀರು ತೋರಿಸ್ತಾ ಇದೀನಿ."

"ನೀರು ತೋರಿಸಿದ್ರೆ ಕಲೆ ಹೋಗತ್ತಾ? ನಿಮ್ಮದೇ ಪತ್ರಿಕೇಲಿ ಅತ್ತಿಗೆ ಬರೆದಿದಾರಲ್ರೀ! ತಡೀರಿ." ನೋಟುಬುಕ್ಕು ತೆರೆದು ಬೆರಳು ಇಟ್ಟರು. "ಕಾಫಿ ಕಲೆಗೆ ಹಲ್ಲುಜ್ಜುವ ಪೇಸ್ಟು ಹಚ್ಚಿ ಬ್ರಷ್ಷಿನಿಂದ ಉಜ್ಜಿ. ಕಲೆ ಮಂಗಮಾಯ. ನೋಡಿ, ಅಚ್ಚಾಗಿದೆ."

ಅದು ಯಾವಾಗ ಅಚ್ಚಾಯಿತೆಂದು ಫಿಲ್ಲರಣ್ಣನಿಗೆ ಚೆನ್ನಾಗಿ ನೆನಪಿತ್ತು. ಪದಬಂಧದ ಕೆಳಗೆ ನಾಲ್ಕು ಸಾಲು ಕಡಿಮೆ ಬಿದ್ದಿತ್ತು, ಅವನು ಬೆಳಿಗ್ಗೆ ಹಲ್ಲುಜ್ಜದೆ ಆಫೀಸಿಗೆ ಬಂದಿದ್ದ, ಹಾಗಾಗಿ ಪೇಸ್ಟಿನ ಯೋಚನೆ ತಲೆಯಲ್ಲಿತ್ತು. ಅಷ್ಟೇ.

"ಬೇಡ ಮಾಸ್ಟ್ರೇ, ಪತ್ರಿಕೇಲಿ ಬಂದಿದ್ದೆಲ್ಲ ನಿಜ ಇರಲ್ಲ."

"ಪತ್ರಿಕೆಯವರೇ ಹಿಂಗಂದ್ರೆ ಹೆಂಗ್ರೀ?" ಎನ್ನುತ್ತಾ ಮಾಸ್ಟರು ಒಳಗಿನಿಂದ ತಮ್ಮ ಪೇಸ್ಟು ತಂದು, ಬೇಡ ಬೇಡ ಅನ್ನುತ್ತಿದ್ದಂತೆಯೇ ಅರ್ಧ ಟ್ಯೂಬು ಜೇಬಿನ ಮೇಲೆ ಹಿಂಡಿ, ಮೂವತ್ತು ವರ್ಷ ಬಣ್ಣ ತುಂಬಿಸಿದ ಕೈಯಿಂದ ಉಜ್ಜಿದರು. ಪೇಸ್ಟು ಹಸಿರು ಬಣ್ಣದ್ದು. ಐದು ನಿಮಿಷದಲ್ಲಿ ಕಾಫಿ ಕಲೆ ಕಾಣದಂತಾಯಿತು, ಯಾಕೆಂದರೆ ಅದರ ಮೇಲೆ ಅಂಗೈಯಗಲ ಹಸಿರು ಕಲೆ ಕೂತಿತ್ತು.

"ಈಗ ಇದಕ್ಕೇನು ಮಾಡೋದು?" ಫಿಲ್ಲರಣ್ಣ ಅಳುವುದೊಂದು ಬಾಕಿ.

"ಅದಕ್ಕೂ ಇರ್ಬೇಕು, ಹುಡುಕ್ತೀನಿ" ಎಂದು ಮಾಸ್ಟರು ಪುಟ ತಿರುಗಿಸತೊಡಗಿದರು.

ಅಷ್ಟರಲ್ಲಿ ಎರಡನೇ ಅಂತಸ್ತಿನ ಕಿಟಕಿಯಿಂದ ಅಜ್ಜಿಯ ತಲೆ ಹೊರಬಂತು. "ಹಸಿರು ಬಣ್ಣಕ್ಕೆ ಆಲೂಗಡ್ಡೆ ನೀರು ಕಣೋ! ಅತ್ತಿಗೆ ಬರ್ದಿದ್ಲಲ್ಲ ಪುಣ್ಯಾತ್ಗಿತ್ತಿ! ಮೇಲೆ ತಗೊಂಬಾ, ನೀರು ಒಲೆ ಮೇಲೇ ಇದೆ."

ಆಲೂಗಡ್ಡೆಯ ಉಪಾಯ ಹುಟ್ಟಿದ್ದು ಹೀಗೆ: ಆಫೀಸಿನಲ್ಲಿ ಆಲೂಗಡ್ಡೆಯ ಚಿತ್ರವೊಂದು ಉಪಯೋಗಕ್ಕೆ ಬಾರದೆ ವರ್ಷದಿಂದ ಬಿದ್ದಿತ್ತು. ಅದನ್ನು ಅಚ್ಚುಹಾಕಲು ಒಂದು ನೆಪ ಬೇಕಿತ್ತು. ಇದನ್ನೆಲ್ಲ ಅಜ್ಜಿಗೆ ಹೇಳುವುದು ಹೇಗೆ? ಕೋಟು ಅಜ್ಜಿಯ ಪಾತ್ರೆಯೊಳಗೆ ಹೋಯಿತು. ಆಲೂಗಡ್ಡೆಗಳ ಜೊತೆಯಲ್ಲೇ ಒಂದು ಗಂಟೆ ಬೆಂದಿತು. ಆಮೇಲೆ ಅಜ್ಜಿ ಅದನ್ನು ಬಿಸಿಲಿಗೆ ಹರವಿದರು. ಒಣಗಿದ ಕೋಟನ್ನು ಫಿಲ್ಲರಣ್ಣ ಎತ್ತಿದರೆ ಅದು ಹಪ್ಪಳದ ಹಾಗೆ ಸೆಟೆದು ನಿಂತಿತು. ತೋಳು ಮಡಿಸಿದರೆ ಕಟಕಟ ಸದ್ದು. ಹಸಿರು ಕಲೆ ಮಾತ್ರ ಬೆಂದು ಇನ್ನಷ್ಟು ಗಟ್ಟಿಯಾಗಿತ್ತು.

ಫಿಲ್ಲರಣ್ಣನ ಸಹನೆ ಮುಗಿಯಿತು. "ಅಜ್ಜೀ, ಆ ಅತ್ತಿಗೆಗೆ ಏನೂ ಗೊತ್ತಿಲ್ಲ! ಶುದ್ಧ ಸುಳ್ಳಿ!"

ಅಜ್ಜಿಯ ಮುಖ ಕೆಂಪಾಯಿತು. "ಏನಂದೆ? ಹನ್ನೊಂದು ಮಕ್ಕಳ ಬಟ್ಟೆ ಒಗೆದ ಹೆಂಗಸಿಗೆ ಏನೂ ಗೊತ್ತಿಲ್ವಾ? ಒಂದು ಕಾಫಿ ಲೋಟ ನೆಟ್ಟಗೆ ಹಿಡಿಯೋಕೆ ಬರದವನು ನೀನು! ಹೆಂಗಸರ ಕಷ್ಟ ನಿಮಗೇನೋ ಗೊತ್ತು?"

"ಹನ್ನೊಂದು ಮಕ್ಕಳೂ ಇಲ್ಲ, ಏನೂ ಇಲ್ಲ ಅಜ್ಜೀ..."

"ಅಯ್ಯೋ, ಬಿಡ್ತು ಅನ್ನು! ಮಕ್ಕಳ ವಿಷಯ ಹಾಗೆಲ್ಲ ಆಡ್ತಾರಾ?"

ಈ ಗಲಾಟೆ ಕೇಳಿ ಎದುರುಮನೆಯ ಕಂಡಕ್ಟರಮ್ಮ ಬಂದಳು. ಗಂಡ ಬಸ್ ಕಂಡಕ್ಟರು. ವಠಾರದಲ್ಲಿ ವಾಷಿಂಗ್ ಮಷೀನು ಇದ್ದದ್ದು ಅವಳ ಮನೆಯಲ್ಲೊಂದೇ. ಆಗಲೇ ಗಂಟೆ ಒಂದೂವರೆ ದಾಟಿತ್ತು.

"ಅಣ್ಣಾ, ಇಲ್ಲಿ ಕೊಡಿ ಕೋಟು. ಸೆಟೆದಿದ್ದಕ್ಕೆ ಅತ್ತಿಗೆ ಎಷ್ಟು ಚೆನ್ನಾಗಿ ಬರ್ದಿದಾರೆ! ಮಷೀನಿಗೆ ಬಟ್ಟೆ ಜೊತೆ ಒಂದು ಚೆಂಡು ಹಾಕ್ಬೇಕಂತೆ. ಅದು ಒಳಗೆ ಕುಣಿದೂ ಕುಣಿದೂ ಬಟ್ಟೆ ಹತ್ತಿ ಥರ ಆಗತ್ತಂತೆ."

ಫಿಲ್ಲರಣ್ಣನಿಗೆ ಒಂದು ಗಳಿಗೆ ಜೀವ ಬಂತು. ಅವನು ಬರೆದ ಉಪಾಯಗಳಲ್ಲಿ ಅವನ ತಲೆಯಲ್ಲಿ ಹುಟ್ಟದೆ ಬೇರೆ ಕಡೆಯಿಂದ ಎತ್ತಿದ್ದು ಅದೊಂದೇ. ಹಾಗಾಗಿ ಅದರಲ್ಲಿ ಏನಾದರೂ ಸತ್ಯ ಇರಬಹುದೆಂಬ ಆಸೆ. ಕೋಟು ಕೊಟ್ಟ. ಕಂಡಕ್ಟರಮ್ಮ ಬಿಸಿನೀರಿಗೆ ಗುಂಡಿ ತಿರುಗಿಸಿ, ಮಗಳ ಆಟದ ಚೆಂಡು ಎಸೆದು ಬಾಗಿಲು ಮುಚ್ಚಿದಳು. ಮಷೀನು ಗಡಗಡ ಅಂತು. ಮೊದಲು ಬರೆದಾಗ ಅದು ‘ಹಳೆಯ ಟೆನಿಸ್ ಚೆಂಡು’ ಎಂದಿತ್ತು, ಸಾಲು ಹೆಚ್ಚಾಯಿತೆಂದು ಎರಡು ಪದ ತಾನೇ ಹೊಡೆದುಹಾಕಿದ್ದೆ ಎಂಬುದು ಅವನಿಗೆ ಆಗ ನೆನಪಾಯಿತು.

"ಅಮ್ಮಾ, ಚೆಂಡು ಯಾವ್ದು ಹಾಕಿದ್ರಿ?"

"ಹೊಸಾದು ಅಣ್ಣಾ, ನಿನ್ನೆ ತಂದಿದ್ದು. ಕೆಂಪು ರಬ್ಬರಿಂದು."

"ನಿಲ್ಸಿ! ನಿಲ್ಸಿ!"

"ನಡುವೆ ನಿಲ್ಲಿಸಿದ್ರೆ ಬಾಗಿಲು ತೆಗೆಯಲ್ಲ ಅಣ್ಣಾ. ಅದು ಮುಗಿಸೇ ಬಿಡೋದು."

ಫಿಲ್ಲರಣ್ಣ ಗಾಜಿನ ಬಾಗಿಲಿಗೆ ಹಣೆ ಹಚ್ಚಿ ಮುಕ್ಕಾಲು ಗಂಟೆ ಕೂತ. ನೀರು ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಎಂಟು ವರ್ಷದಲ್ಲಿ ಎಷ್ಟು ಮನೆಯ ಎಷ್ಟು ಬಟ್ಟೆಗಳು ಹೀಗೆ ತಿರುಗಿರಬಹುದು ಎಂಬ ಯೋಚನೆ ಅವನಿಗೆ ಬಂದದ್ದು ಇದೇ ಮೊದಲು. ನಿಜವಾಗಿಯೂ ನಾಚಿಕೆಯಾಯಿತು. ಹೆಂಡತಿ ಹದಿನಾಲ್ಕು ವರ್ಷ ಕಾದ ದಿನ ಇದು, ನನ್ನ ನಾಲ್ಕು ಸಾಲಿನ ಸೋಮಾರಿತನ ಅದನ್ನು ಹಾಳು ಮಾಡಿತು ಅನಿಸಿ ಕಣ್ಣು ಒದ್ದೆಯಾಯಿತು. ಅಣ್ಣ ಮಷೀನನ್ನು ಇಷ್ಟೊಂದು ಭಕ್ತಿಯಿಂದ ನೋಡುತ್ತಾನಲ್ಲ ಎಂದು ಕಂಡಕ್ಟರಮ್ಮನಿಗೆ ಹೆಮ್ಮೆಯಾಯಿತು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಕೋಟು ಅಂಗಳದ ತಂತಿಯ ಮೇಲೆ ತೂಗುತ್ತಿತ್ತು. ಮೈಯೆಲ್ಲ ಗುಲಾಬಿ, ಜೇಬು ಹಸಿರು, ಎರಡು ಗುಂಡಿ ನಾಪತ್ತೆ. ತೋಳೊಳಗಿಂದ ಆಲೂಗಡ್ಡೆಯ ಸಿಪ್ಪೆ ಇಣುಕುತ್ತಿತ್ತು. ಸುತ್ತ ಮೂವರು ಸಲಹೆಗಾರರು ನಿಂತು, ಮುಂದೆ ನಿಂಬೆಹಣ್ಣೋ ಉಪ್ಪೋ ಎಂದು ನೋಟುಬುಕ್ಕು ನೋಡಿ ಚರ್ಚಿಸುತ್ತಿದ್ದರು. ಗೇಟು ಕಿರ್ರೆಂದಿತು. ಹೆಂಡತಿ ಬಂದಳು. ತಂತಿಯ ಮೇಲಿನ ಪ್ರಾಣಿಯನ್ನು ನೋಡಿ ನಿಂತಳು.

"ಏನ್ರೀ ಇದು? ಇದು ನನ್ನ..."

ಫಿಲ್ಲರಣ್ಣ ಆಕೆಗೆ ಮಾತು ಮುಗಿಸಲು ಬಿಡಲಿಲ್ಲ. ಬೆಳಿಗ್ಗೆಯಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಒಮ್ಮೆಲೇ ಉಕ್ಕಿತು. "ತಪ್ಪು ನಂದೇ. ಕಾಫಿ ಚೆಲ್ಲಿದ್ದು ನಾನು. ಇವರದ್ಯಾರದೂ ತಪ್ಪಿಲ್ಲ. ಪೇಸ್ಟು, ಆಲೂಗಡ್ಡೆ, ಚೆಂಡು, ಎಲ್ಲಾ ನಾನೇ ಬರೆದಿದ್ದು. ಅತ್ತಿಗೆ ಅಂತ ಯಾರೂ ಇಲ್ಲ. ಎಂಟು ವರ್ಷದಿಂದ ನಾನೇ ಅತ್ತಿಗೆ!"

ಮೊದಲು ಅಜ್ಜಿ ಬಂದು ಅವನ ಹಣೆ ಮುಟ್ಟಿ ನೋಡಿದರು. "ಬಿಸಿಲು ತಲೆಗೇರಿದೆ ಪಾಪ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ತಲೆಗೇರಿಲ್ಲ, ಇದು ಬೇರೆ ಕಾಯಿಲೆ," ಮಾಸ್ಟರು ನೋಟುಬುಕ್ಕನ್ನು ಎದೆಗೊತ್ತಿಕೊಂಡರು. "ಪಾಪ ಒಬ್ಬ ಹೆಣ್ಮಗಳು ಜೀವನಪೂರ್ತಿ ಒಗೆದು ಕಲಿತಿದ್ದಕ್ಕೆ ತನ್ನ ಹೆಸರು ಹಾಕ್ಕೊಳ್ಳೋದು! ನಾಚಿಕೆ ಆಗ್ಬೇಕು ಫಿಲ್ಲರಣ್ಣ."

"ಅಣ್ಣನ ಮುಖ ನೋಡಿದ್ರೆ ಹನ್ನೊಂದು ಮಕ್ಕಳನ್ನ ಸಾಕಿದ ಹಾಗಿದ್ಯಾ?" ಎಂದು ಕಂಡಕ್ಟರಮ್ಮ ನಕ್ಕಳು. ಮೂವರೂ ಮುಖ ತಿರುಗಿಸಿಕೊಂಡು ತಮ್ಮ ತಮ್ಮ ಮನೆಗೆ ಹೋದರು.

ಗಂಡಹೆಂಡಿರಿಬ್ಬರೇ ಉಳಿದರು. ಹೆಂಡತಿ ತಂತಿಯಿಂದ ಕೋಟು ಎಳೆದು ಬಕೆಟ್ಟಿಗೆ ಹಾಕಿದಳು.

"ಇದಕ್ಯಾಕ್ರೀ ಇಷ್ಟು ಒದ್ದಾಡಿದ್ರಿ? ಹಳೇ ಕೋಟಿದು. ಕತ್ತರಿಸಿ ಒರೆಸೋ ಬಟ್ಟೆ ಮಾಡೋಣ ಅಂತ ಕುರ್ಚಿ ಮೇಲೆ ಹಾಕಿದ್ದೆ. ಮುಖ್ಯ ನರ್ಸಿಗೆ ನೀಲಿ ಕೋಟು. ಬೆಳಿಗ್ಗೆನೇ ಕೊಟ್ರು."

ಫಿಲ್ಲರಣ್ಣ ತಲೆಯೆತ್ತಿ ನೋಡಿದ. ಆಕೆ ಉಟ್ಟ ಬಟ್ಟೆಯ ಮೇಲೆ ಗರಿಗರಿಯಾದ ನೀಲಿ ಕೋಟು ಇತ್ತು. ಬಂದಾಗಿನಿಂದಲೂ ಇತ್ತು. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ನಗುವ ಪ್ರಯತ್ನ ಮಾಡಿದ.

"ಹಾಗಾದ್ರೆ ಎಲ್ಲಾ ಸರಿಹೋಯ್ತು ಬಿಡು. ನಾನು ಆಗ ಏನೋ ಬಾಯಿಗೆ ಬಂದಿದ್ದು ಅಂದೆ. ಅತ್ತಿಗೆ ಗಿತ್ತಿಗೆ ಎಲ್ಲಾ ಸುಮ್ನೆ..."

"ಕೋಟಿನ ವಿಷಯ ಮುಗೀತು," ಎಂದಳು ಹೆಂಡತಿ, ನೀಲಿ ತೋಳು ಮಡಿಸುತ್ತಾ. "ಈಗ ಸ್ವೆಟರಿನ ವಿಷಯಕ್ಕೆ ಬನ್ನಿ."

ವಠಾರದಲ್ಲಿ ಅವನ ಮಾತನ್ನು ನಂಬಿದವಳು ಆಕೆಯೊಬ್ಬಳೇ. ನಂಬಬಾರದಾಗಿದ್ದವಳೂ ಆಕೆಯೊಬ್ಬಳೇ. ಆಸ್ಪತ್ರೆಗೆ ಹೊರಡುವ ಮೊದಲಿನ ಅರ್ಧ ಗಂಟೆಯಲ್ಲಿ ಆಕೆ ಮುಖ್ಯ ನರ್ಸಿನ ಮೊದಲ ಎರಡು ಆಜ್ಞೆಗಳನ್ನು ಹೊರಡಿಸಿದಳು. ಇನ್ನು ಮುಂದೆ ಮನೆಯ ಬಟ್ಟೆಯೆಲ್ಲ ಅತ್ತಿಗೆಯೇ ಒಗೆಯತಕ್ಕದ್ದು. ಈ ವಾರದ ಕಿವಿಮಾತನ್ನು ತಾನು ಹೇಳುತ್ತೇನೆ, ಅತ್ತಿಗೆ ತುಟಿಪಿಟಕ್ಕೆನ್ನದೆ ಬರೆದುಕೊಳ್ಳತಕ್ಕದ್ದು.

ಆ ವಾರ ಪತ್ರಿಕೆಯಲ್ಲಿ ಹೀಗೆ ಬಂತು: ‘ಬಟ್ಟೆ ಒಗೆಯುವ ಕೆಲಸ ಹಗುರಾಗಬೇಕೆ? ಗಂಡನ ಕೈಗೆ ಬಕೆಟ್ಟು ಕೊಡಿ. ನಮ್ಮ ಮನೆಯಲ್ಲೇ ಮಾಡಿ ನೋಡಿದ್ದೇನೆ, ಖಂಡಿತ ಫಲ ಉಂಟು. ಇಂತಿ, ಅತ್ತಿಗೆ.’ ಎಂಟು ವರ್ಷದಲ್ಲಿ ಅಷ್ಟು ಮೆಚ್ಚುಗೆಯ ಪತ್ರಗಳು ಬಂದದ್ದಿಲ್ಲ ಎಂದು ಸಂಪಾದಕರು ಹಿರಿಹಿರಿ ಹಿಗ್ಗಿದರು.

ಮುಂದಿನ ರಜೆಯ ದಿನ ಫಿಲ್ಲರಣ್ಣ ಬಕೆಟ್ಟು ಹಿಡಿದು ನಲ್ಲಿಗೆ ಬಂದರೆ ಅಲ್ಲಿ ಜಾಗವೇ ಇರಲಿಲ್ಲ. ಡ್ರಾಯಿಂಗ್ ಮಾಸ್ಟರು ಮೊಣಕಾಲ ತನಕ ಪಂಚೆ ಎತ್ತಿಕಟ್ಟಿ ಹೊದಿಕೆ ಕುಕ್ಕುತ್ತಿದ್ದರು. ಪಕ್ಕದಲ್ಲಿ ಕಂಡಕ್ಟರು. ಮನೆಯಲ್ಲಿ ಮಷೀನು ಇದ್ದರೂ ಅತ್ತಿಗೆ ಬಕೆಟ್ಟು ಅಂತಲೇ ಬರೆದಿದ್ದಾರೆ ಎಂದು ಕಂಡಕ್ಟರಮ್ಮ ಅವನನ್ನು ಹೊರಗಟ್ಟಿದ್ದಳು.

ಮಾಸ್ಟರು ಹಣೆಯ ನೊರೆ ಒರೆಸಿಕೊಂಡು ಇವನನ್ನೇ ದುರುಗುಟ್ಟಿ ನೋಡಿದರು. "ಅಲ್ಲಾ ಫಿಲ್ಲರಣ್ಣ, ಅವತ್ತು ನೀವು ಏನೋ ಅಂದ್ರಿ. ಅತ್ತಿಗೆ ಅಂದ್ರೆ ಯಾರು ಅಂತ ಅಂದ್ರಿ?"

ಕಂಡಕ್ಟರು ಒಗೆಯುವುದನ್ನು ನಿಲ್ಲಿಸಿದ. ಒದ್ದೆ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಂಡುತ್ತಾ ಹತ್ತಿರ ಬಂದ.

ಫಿಲ್ಲರಣ್ಣ ಬಕೆಟ್ಟು ಕೆಳಗಿಟ್ಟ. "ಯಾರೋ ದೂರದ ಊರಿನ ಮುದುಕಿ ಮಾಸ್ಟ್ರೇ. ಹನ್ನೊಂದು ಮಕ್ಕಳಂತೆ."

"ಅಂದ್ಕೊಂಡೆ," ಎಂದು ಮಾಸ್ಟರು ನಿಟ್ಟುಸಿರುಬಿಟ್ಟರು. "ಇಂಥದ್ದೆಲ್ಲ ಗಂಡಸರ ತಲೆಗೆ ಹೊಳೆಯಲ್ಲ ಬಿಡಿ."

ಹೌದು ಎಂದು ತಲೆಯಾಡಿಸಿ ಫಿಲ್ಲರಣ್ಣ ಹೆಂಡತಿಯ ನೀಲಿ ಕೋಟಿಗೆ ಸೋಪು ಹಚ್ಚತೊಡಗಿದ.