ನಮ್ಮತ್ತೆಯ ಬೆಳ್ಳಿ ಪರೀಕ್ಷೆ

ನಮ್ಮತ್ತೆ ಯಾರನ್ನೂ ಮುಖ ನೋಡಿ ಮಾತಾಡಿಸುವುದಿಲ್ಲ, ಕಾಲು ನೋಡಿ ಮಾತಾಡಿಸುತ್ತಾಳೆ! ಅತ್ತೆ ಎಂದರೆ ಹೆಂಡತಿಯ ತಾಯಿ ಅಂದುಕೊಳ್ಳಬೇಡಿ. ಅವರ ಬಗ್ಗೆ ಹೀಗೆ ಬರೆಯುವ ಧೈರ್ಯ ನನಗೆಲ್ಲಿದೆ? ಈಕೆ ನನ್ನ ಅಪ್ಪನ ಅಕ್ಕ, ಈಗ ಕುಷ್ಟಗಿಯಲ್ಲಿ ನಮ್ಮ ಓಣಿಯಲ್ಲೇ ಇರುವವಳು. ಕಾಲಲ್ಲಿರುವ ಗೆಜ್ಜೆ ಗಟ್ಟಿ ಬೆಳ್ಳಿಯದಾದರೆ ಆ ಮನುಷ್ಯರು ಒಳ್ಳೆಯವರು. ಮೇಲೆ ಬೆಳ್ಳಿ ಮುಲಾಮು, ಒಳಗೆ ಬೇರೇನೋ ಇದ್ದರೆ ಮುಗಿಯಿತು, ಅವರ ಏಳು ತಲೆಮಾರಿನ ಮೇಲೂ ಅನುಮಾನ!

ನಮ್ಮ ಓಣಿಯ ಒಂದು ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯವಿತ್ತು. ಎಲ್ಲರೂ ತೊಟ್ಟಿಲು ತೂಗಿದರೆ ಅತ್ತೆ ಕೂಸಿನ ಉಡುದಾರ ಬಿಚ್ಚಿ ಹೊಸ್ತಿಲಿಗೆ ಉಜ್ಜಿದಳು. ಒಳಗಿನ ಹಿತ್ತಾಳೆ ಹಳದಿ ಹಲ್ಲು ತೋರಿಸಿತು. "ಕೂಸಿನ ನಡಕ್ಕ ಈಗಿಂದನ ಸುಳ್ಳು ಕಟ್ಟೀರಲ್ರಿ!" ಎಂದಳು. ಅಂದಿನಿಂದ ಆ ಮನೆಯ ಆಮಂತ್ರಣ ಪತ್ರಿಕೆಗಳು ಅತ್ತೆಗೆ ಕಾರ್ಯ ಮುಗಿದ ಮೇಲೆ ತಲುಪುತ್ತವೆ.

ನನ್ನ ಮಗಳ ಮದುವೆಗೆ ಗೆಜ್ಜೆ ಕೊಳ್ಳಲು ಹೆಂಡತಿಯ ಜೊತೆ ಇಂಥವಳನ್ನೂ ಗಂಗಾವತಿಗೆ ಕರೆದುಕೊಂಡು ಹೋಗಿದ್ದು ನನ್ನ ಗ್ರಹಚಾರ. ಬಸ್ಸಿನಲ್ಲೇ ಶುರುವಾಯಿತು. ಪಕ್ಕದಲ್ಲಿ ಕೂತ ಹೊಸ ಮದುವೆಯ ಹುಡುಗಿಯ ಗೆಜ್ಜೆ ನೋಡಿ, "ಯಾರು ಕೊಡಿಸಿದ್ರು ತಂಗಿ?" ಎಂದಳು.

"ಅತ್ತಿ ಮನ್ಯಾಗ ಹಾಕ್ಯಾರ್ರಿ."

"ಬೆಳ್ಳಿ ಅಂತ ಹೇಳ್ಯಾರೇನು?"

"ಹೌದ್ರಿ."

"ಇರ್ಲಿ ಬಿಡು, ಮಳಿಗಾಲ ಬರಲಿ."

ತಾವರಗೇರಾ ಬಂದಾಗ ಆ ಹುಡುಗಿ ಎದ್ದು ಹಿಂದಿನ ಸೀಟಿಗೆ ಹೋದಳು. ನಾನು ಅತ್ತೆಯ ಪರಿಚಯವೇ ಇಲ್ಲದವನಂತೆ ಕಿಟಕಿಯ ಕಡೆ ತಿರುಗಿದೆ. ಬಿಡುತ್ತಾಳೆಯೇ? "ಏ, ನಿನ್ನ ಹೇಣ್ತಿ ಕಾಲಾಗಿನವು ಎಂಥಾವು?" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು.

ಗಂಗಾವತಿಯಲ್ಲಿ ಅಂಗಡಿಯವ ಎರಡು ಜೊತೆ ತಂದಿಟ್ಟ. ಒಂದು ದಪ್ಪನೆಯದು, ಮೈತುಂಬ ಗೆಜ್ಜೆ, ಬೆಳ್ಳಿ ಮುಲಾಮಿನದು. ಇನ್ನೊಂದು ಗಟ್ಟಿ ಬೆಳ್ಳಿಯದು, ಆದರೆ ದಾರದಷ್ಟು ಸಣ್ಣ. ಈಗಿನ ಬೆಳ್ಳಿಯ ದರದಲ್ಲಿ ನನ್ನ ಕೈಗೆ ಎಟುಕುವುದು ಅಷ್ಟೇ. ನನ್ನ ಹೆಂಡತಿ ದಪ್ಪನೆಯದನ್ನೇ ಹಿಡಿದು, "ಬೀಗರ ಕಣ್ಣಿಗೆ ತುಂಬಬೇಕಲ್ರಿ" ಎಂದಳು. ಅಂಗಡಿಯವನೂ ದನಿಗೂಡಿಸಿದ. "ಪಾಲಿಶ್ ಮಾಲು ಖರೆ, ಆದ್ರ ವರ್ಷದ ಗ್ಯಾರಂಟಿ ಐತ್ರಿ."

"ಲಗ್ನಕ್ಕೂ ವರ್ಷದ್ದ ಗ್ಯಾರಂಟಿ ಏನು?" ಎಂದಳು ಅತ್ತೆ.

ನನ್ನ ಹೆಂಡತಿಗೆ ರೇಗಿತು. "ನಿಮಗ ಬೆಳ್ಳಿ ಹುಚ್ಚು ಹಿಡದೈತ್ರಿ ಅತ್ತಿ!"

ಅತ್ತೆಗೆ ಸಿಟ್ಟು ಬರಲಿಲ್ಲ. ದಪ್ಪ ಗೆಜ್ಜೆಯನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿದಳು.

"ನಮ್ಮಪ್ಪ ನನ್ನ ಲಗ್ನಕ್ಕ ಇಂಥಾವನ ಹಾಕಿದ್ದ. ಬೆಳ್ಳಿ ಅಂತ ಹೇಳಿದ್ದ. ಯಲಬುರ್ಗಾಕ್ಕ ಗಂಡನ ಮನಿಗೆ ನಡಿಯಾಕ ಹೋದೆ. ವರ್ಷದಾಗ ಮ್ಯಾಲಿನ ಬಣ್ಣ ಹೋಗಿ ತಾಮ್ರ ಕಾಣಿಸ್ತು. ನಮ್ಮತ್ತಿ ಅವನ್ನ ಓಣಿ ತುಂಬ ತೋರಿಸಿ ಬಂದ್ಳು. ಅವತ್ತಿಂದ ಆ ಮನ್ಯಾಗ ನನ್ನ ಹೆಸರು ತಾಮ್ರದಾಕಿ. ಗಂಡನೂ ಹಂಗ ಕರದ. ಸಾಯೂ ಮುಂದ ನೀರು ಕೇಳಿದ್ದೂ ಹಂಗ. 'ಏ ತಾಮ್ರದಾಕಿ, ನೀರು ತಾ' ಅಂದ."

"ಕೊಟ್ರೇನ್ರಿ?" ನನ್ನ ಹೆಂಡತಿಯ ದನಿ ಇಳಿದಿತ್ತು.

"ಕೊಟ್ಟೆ. ತಾಮ್ರದ ತಂಬಿಗಿಯಾಗ!"

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅಂಗಡಿಯವ ದಪ್ಪನೆಯ ಜೊತೆಯನ್ನು ತಾನಾಗಿಯೇ ಎತ್ತಿ ಒಳಗಿಟ್ಟ. ನನ್ನ ಹೆಂಡತಿ ದಾರದಂಥ ಬೆಳ್ಳಿ ಗೆಜ್ಜೆಯನ್ನೇ ಪೊಟ್ಟಣ ಕಟ್ಟಿಸಿಕೊಂಡಳು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ ನನಗೆ ಅಜ್ಜನ ಮೇಲೆ ಸಿಟ್ಟು ಉಕ್ಕುತ್ತಿತ್ತು. ನಮ್ಮನ್ನೆಲ್ಲ ಹೆಗಲ ಮೇಲೆ ಹೊತ್ತು ತಿರುಗಿದ ಆ ಮನುಷ್ಯ ಹೆತ್ತ ಮಗಳಿಗೆ ಹೀಗೆ ಮಾಡಿದನೇ?

"ಅಜ್ಜ ಗೊತ್ತಿದ್ದ ಹಾಕಿದ್ನೋ, ಅವಗ ಯಾರರ ಮೋಸ ಮಾಡಿದ್ರೋ? ನೀ ಒಮ್ಮಿನೂ ಕೇಳಲಿಲ್ಲೇನತ್ತಿ?"

"ಇಲ್ಲ."

ಬಸ್ಸೊಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ನಮ್ಮದಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಬ್ಬಕ್ಕ ನನ್ನ ನೋಡಾಕ ಬರತಿದ್ದ. ಬರಿಗಾಲು ಕಂಡು, 'ಗೆಜ್ಜಿ ಎಲ್ಲೆವ್ವಾ?' ಅಂತಿದ್ದ. ನಮ್ಮತ್ತಿ ಬಾಗಲದಾಗ ನಿಂತಿರತಿದ್ಲು. ಆಕಿ ಬಾಯಿ ತೆಗಿಯೂದ್ರಾಗ ನಾನ ಹೇಳಿಬಿಡತಿದ್ದೆ."

"ಏನಂತ?"

"'ಭಾಳ ಭಾರ ಅದಾವಪ್ಪಾ, ನಡಿಯಾಕ ಆಗವಲ್ದು, ತೆಗದಿಟ್ಟೀನಿ' ಅಂತ."